ಅರವತ್ತರ ಮೇಲೆ ಜಲವರ್ಣ: ಬಣ್ಣಕ್ಕಿಂತ ಮೊದಲು ನೀರಿನ ಹದ

ನಿವೃತ್ತಿಯ ನಂತರ ಚಿತ್ರ ಬಿಡಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು 24 ಅಥವಾ 36 ಬಣ್ಣಗಳ ಪೆಟ್ಟಿಗೆ, ಜೊತೆಗೊಂದು ಮಾಮೂಲಿ ಡ್ರಾಯಿಂಗ್ ಪುಸ್ತಕ. ಕೆಲವೇ ದಿನಗಳಲ್ಲಿ ಹಾಳೆ ಸೊಟ್ಟಗಾಗಿ, ಬಣ್ಣ ಕೆಸರಾಗಿ, 'ಇದು ನಮಗೆ ಒಲಿಯುವುದಲ್ಲ' ಎಂದು ಪೆಟ್ಟಿಗೆ ಅಟ್ಟ ಸೇರುತ್ತದೆ. ದೋಷ ವಯಸ್ಸಿನದ್ದಲ್ಲ, ಕೈಯದ್ದೂ ಅಲ್ಲ. ಅರ್ಧ ಪಾಲು ಕಾಗದದ್ದು, ಇನ್ನರ್ಧ ನೀರಿನ ಅಂದಾಜಿನದ್ದು. ಇವೆರಡನ್ನು ಸರಿಮಾಡಿಕೊಂಡರೆ ಜಲವರ್ಣದಷ್ಟು ಅನುಕೂಲದ ಮಾಧ್ಯಮ ಇನ್ನೊಂದಿಲ್ಲ: ಟರ್ಪೆಂಟೈನ್ ವಾಸನೆಯಿಲ್ಲ, ಮೇಜಿನ ಒಂದು ಮೂಲೆ ಸಾಕು, ಎದ್ದು ಹೋಗಬೇಕಾದಾಗ ಹಾಗೇ ಬಿಟ್ಟು ಹೋಗಬಹುದು. ಬಣ್ಣ ಕಲೆಸುವ ತಟ್ಟೆಯಾದ ಪ್ಯಾಲೆಟ್‌ನಲ್ಲಿ ಒಣಗಿದ ಬಣ್ಣ ಮರುದಿನ ನೀರು ತಾಕಿಸಿದರೆ ಮತ್ತೆ ಕರಗುತ್ತದೆ.

ಕಾಗದದಲ್ಲಿ ಜಿಪುಣತನ ಬೇಡ

ಬ್ರಷ್ ಅಗ್ಗದ್ದಾದರೂ ನಡೆದೀತು, ಕಾಗದ ನಡೆಯುವುದಿಲ್ಲ. ಕೇಳಿ ತರಬೇಕಾದದ್ದು 300 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕ), ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ತರಿತರಿಯಾದ) ಕಾಗದ. ತೆಳು ಕಾಗದ ನೀರು ಕುಡಿದು ಉಬ್ಬುತ್ತದೆ. ಉಬ್ಬುಗಳ ನಡುವೆ ತಗ್ಗಾಗಿ ಬಣ್ಣ ಅಲ್ಲೇ ನಿಲ್ಲುತ್ತದೆ. ಜಲವರ್ಣದ ಕಾಗದಕ್ಕೆ ತಯಾರಿಕೆಯಲ್ಲೇ ಜೆಲಾಟಿನ್‌ನಂಥ ಅಂಟಿನ ಲೇಪ ಕೊಟ್ಟಿರುತ್ತಾರೆ. ನೀರು ಕೂಡಲೇ ಇಂಗದೆ ಮೇಲ್ಮೈಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಈ ಲೇಪದಿಂದ. ಹಾಳೆಯ ಮೂಲೆಗೆ ಒಂದು ಹನಿ ಬಿಟ್ಟು ನೋಡಿ. ಹನಿ ತಕ್ಷಣ ಒಳಗಿಳಿದು ಕಪ್ಪು ಚುಕ್ಕಿಯಾದರೆ ಆ ಕಾಗದ ಈ ಕೆಲಸಕ್ಕಲ್ಲ.

56×76 ಸೆಂ.ಮೀ. ಅಳತೆಯ ಪೂರ್ತಿ ಹಾಳೆ ಕೊಂಡು ಮಡಚಿ ಎಂಟು ತುಂಡು ಮಾಡಿಕೊಂಡರೆ ಒಂದೊಂದೂ 19×28 ಸೆಂ.ಮೀ. ಬರುತ್ತದೆ. ಕಲಿಯಲು ಇದು ಹೇಳಿ ಮಾಡಿಸಿದ ಗಾತ್ರ, ಎರಡೂ ಬದಿ ಬಳಸಬಹುದು.

ಬಣ್ಣ ಆರು ಸಾಕು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಪರ್ಮನೆಂಟ್ ರೋಸ್, ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು). ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಗ್ಮೆಂಟ್‌ನ (ಬಣ್ಣ ಕೊಡುವ ಮೂಲ ಪುಡಿಯ) ಸಂಕೇತ ಇರುತ್ತದೆ. ಅಲ್ಟ್ರಾಮರೀನ್ ಎಂದರೆ ಪಿಬಿ 29, ಪರ್ಮನೆಂಟ್ ರೋಸ್ ಎಂದರೆ ಪಿವಿ 19. ಒಂದೇ ಸಂಕೇತವಿರುವ ಟ್ಯೂಬನ್ನೇ ಆರಿಸಿ. ಮೂರು ನಾಲ್ಕು ಸಂಕೇತಗಳಿದ್ದರೆ ಅದು ಮೊದಲೇ ಮಿಶ್ರಣ, ಇನ್ನೊಂದರ ಜೊತೆ ಕಲೆಸಿದಾಗ ಬೇಗ ಮಂಕಾಗುತ್ತದೆ. ಪಿಆರ್ 83 ಸಂಕೇತದ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ಬೆಳಕಿಗೆ ಮಾಸುತ್ತದೆ, ಬೇಡ. ಕಪ್ಪು ಕೊಳ್ಳುವ ಅಗತ್ಯವೇ ಇಲ್ಲ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ತಿಳಿ ಬೂದಿಯಿಂದ ಹೆಚ್ಚುಕಡಿಮೆ ಕಪ್ಪಿನವರೆಗೆ ಎಲ್ಲವೂ ಸಿಗುತ್ತದೆ, ಟ್ಯೂಬಿನ ಕಪ್ಪಿಗಿಂತ ಜೀವಂತವಾಗಿ.

ಬ್ರಷ್ ಮೂರು: 8 ಮತ್ತು 12ನೇ ನಂಬರಿನ ರೌಂಡ್, ಒಂದು ಇಂಚಿನ ಫ್ಲ್ಯಾಟ್. ಸಿಂಥೆಟಿಕ್ ಆದರೂ ಸರಿ. ನೀರಲ್ಲಿ ಅದ್ದಿ ಒಮ್ಮೆ ಕೊಡವಿದಾಗ ರೌಂಡ್ ಬ್ರಷ್‌ನ ತುದಿ ತಾನಾಗಿ ಚೂಪಾಗಬೇಕು. ಸಣ್ಣ ಬ್ರಷ್ಷಿನ ಆಸೆ ಬಿಡಿ. ಅದು ಕೈಗೆ ಬಂದರೆ ಎಲೆ ಎಲೆ ಬಿಡಿಸುತ್ತ ಕೂರುತ್ತೀರಿ.

ಕಣ್ಣು, ಕೈ, ಕತ್ತು

ಇದನ್ನು ಸಲಕರಣೆಯಷ್ಟೇ ಗಂಭೀರವಾಗಿ ನೋಡಬೇಕು. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಸುಮಾರು 40 ಸೆಂ.ಮೀ. ದೂರಕ್ಕೆ ಹೊಂದಿಸಿರುತ್ತಾರೆ. ಬೆನ್ನು ನೇರ ಮಾಡಿ ಕೂತರೆ ಚಿತ್ರದ ಹಾಳೆ ಅದಕ್ಕಿಂತ ದೂರ ಇರುತ್ತದೆ. ಕಾಣದೆಂದು ಬಾಗುತ್ತೀರಿ, ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ. ಕೂತ ಭಂಗಿಯಲ್ಲೇ ಕಣ್ಣಿನಿಂದ ಹಾಳೆಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಸಿ, ಆ ಅಳತೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಿ. ಹಾಳೆ ಅಂಟಿಸುವ ಹಲಗೆಯ ಮೇಲಂಚಿನ ಕೆಳಗೆ ನಾಲ್ಕು ಸೆಂ.ಮೀ. ದಪ್ಪದ ಪುಸ್ತಕ ಇಟ್ಟರೆ ಕತ್ತಿಗೂ ಆರಾಮ, ಬಣ್ಣ ಹರಿಯಲೂ ಅನುಕೂಲ.

ಹಳದಿ ದೀಪದಡಿ ಹಾಳೆಯ ಮೇಲಿನ ತಿಳಿ ಹಳದಿ ಕಾಣುವುದೇ ಇಲ್ಲ, ನೀಲಿ ಮಂಕಾಗುತ್ತದೆ. ಹಗಲು ಕಿಟಕಿ ಪಕ್ಕ ಕೂರಿ. ರಾತ್ರಿಯಾದರೆ 5000 ಕೆಲ್ವಿನ್ ಆಸುಪಾಸಿನ (ಹಗಲಿನಂಥ ಬಿಳಿ ಬೆಳಕಿನ), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಬಲ್ಬು ಹಾಕಿಸಿ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಬ್ರಷ್‌ನ ತುದಿಯ ಮೇಲೇ ಬೀಳುತ್ತದೆ.

ಕಣ್ಣಿನ ಪೊರೆ ಬೆಳೆಯುತ್ತಿದ್ದರೆ ಮಸೂರ ಹಳದಿಗಟ್ಟಿ ನೀಲಿಯ ಬೆಳಕು ಒಳಗೆ ಕಡಿಮೆ ಬರುತ್ತದೆ. ಚಿತ್ರಕಾರ ಕ್ಲೋದ್ ಮೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಬಣ್ಣಗಳನ್ನು ಟ್ಯೂಬಿನ ಹೆಸರು ನೋಡಿ, ಪ್ಯಾಲೆಟ್‌ನಲ್ಲಿ ಗೊತ್ತಾದ ಜಾಗದಲ್ಲೇ ಇಟ್ಟುಕೊಂಡು ನಿಭಾಯಿಸುತ್ತಿದ್ದರು. ಈ ಅಭ್ಯಾಸ ಎಲ್ಲರಿಗೂ ಒಳ್ಳೆಯದು: ಆರು ಬಣ್ಣಗಳ ಜಾಗ ಯಾವತ್ತೂ ಬದಲಾಗದಿರಲಿ.

ಕೈ ನಡುಗುವವರು ಬ್ರಷ್ಷನ್ನು ಪೆನ್ನಿನಂತೆ ತುದಿಯಲ್ಲಿ ಹಿಡಿಯದೆ ಮಧ್ಯದಲ್ಲಿ ಹಿಡಿದು, ಮೊಣಕೈಯಿಂದ ಎಳೆಯಬೇಕು. ನಡುಕ ಕಾಣುವುದು ಸಣ್ಣ ಗೆರೆಯಲ್ಲಿ; ಅಗಲವಾದ ಬಳಿತದಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ಕಟ್ಟಡಕ್ಕಿಂತ ಬೆಟ್ಟ, ಮೋಡ, ಮರ ಆರಿಸಿಕೊಂಡರೆ ಕೆಲಸ ಸುಲಭ. ಬೆರಳ ಗಂಟು ನೋಯುವವರು ಬ್ರಷ್ಷಿನ ಹಿಡಿಗೆ ಬಟ್ಟೆಯ ಟೇಪ್ ಸುತ್ತಿ ದಪ್ಪ ಮಾಡಿಕೊಳ್ಳಲಿ. ಟ್ಯೂಬಿನ ಮುಚ್ಚಳ ದಿನಾ ತಿರುಪುವುದು ತಪ್ಪಬೇಕಾದರೆ ಒಂದೇ ಸಲ ಪ್ಯಾಲೆಟ್‌ನ ಗುಳಿಗಳಿಗೆ ಬಣ್ಣ ತುಂಬಿ ಒಂದೆರಡು ದಿನ ಒಣಗಲು ಬಿಡಿ. ಬ್ರಷ್‌ನ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಚಾಳಿ ಖಂಡಿತ ಬೇಡ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. ಕುಡಿಯುವ ಲೋಟ ಬೇರೆ ಮೇಜಿನ ಮೇಲಿರಲಿ.

ಮೊದಲ ಪಾಠ: ಒಂದೇ ಬಣ್ಣ ಬಳಿಯುವುದು

ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ. ಎರಡು ಪಾತ್ರೆ ನೀರು ಬೇಕು, ಒಂದು ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಅಲ್ಟ್ರಾಮರೀನ್‌ಗೆ ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ, ಎರಡು ಟೀ ಚಮಚದಷ್ಟು ಸಿದ್ಧಮಾಡಿ. ಬೇಕೆನಿಸಿದ್ದಕ್ಕಿಂತ ಹೆಚ್ಚೇ ಕಲೆಸಿ, ಏಕೆಂದರೆ ಅರ್ಧದಲ್ಲಿ ಮುಗಿದರೆ ಮತ್ತೆ ಕಲೆಸುವಷ್ಟರಲ್ಲಿ ಹಾಳೆ ಒಣಗಿ ಗೆರೆ ಕೂತಿರುತ್ತದೆ.

ಹಲಗೆ ಓರೆಯಾಗಿರಲಿ. ಫ್ಲ್ಯಾಟ್ ಬ್ರಷ್ ತುಂಬ ಬಣ್ಣ ತೆಗೆದುಕೊಂಡು ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಒಂದೇ ಎಳೆತ. ಆ ಪಟ್ಟಿಯ ಕೆಳಗಂಚಿನುದ್ದಕ್ಕೂ ಬಣ್ಣದ ನೀರು ದಪ್ಪಗೆ ಕೂಡಿ ನಿಲ್ಲುತ್ತದೆ. ಎರಡನೇ ಎಳೆತ ಆ ನೀರನ್ನು ಮುಟ್ಟುವಂತಿರಲಿ. ನೀರು ತಾನಾಗಿ ಕೆಳಗಿನ ಪಟ್ಟಿಗೆ ಇಳಿಯುತ್ತದೆ. ಹೀಗೆ ತಳದವರೆಗೆ. ಮೇಲೆ ಎಲ್ಲೋ ಬಿಳಿ ಚುಕ್ಕಿ ಉಳಿಯಿತೆಂದು ವಾಪಸು ಹೋಗಬೇಡಿ. ಕೊನೆಯಲ್ಲಿ ತಳದಂಚಿಗೆ ನಿಂತ ನೀರನ್ನು ಹಿಂಡಿದ ಬ್ರಷ್ಷಿನಿಂದ ಹೀರಿ ತೆಗೆಯಲೇಬೇಕು. ಬಿಟ್ಟರೆ ಅದು ಅರೆ ಒಣಗಿದ ಭಾಗಕ್ಕೆ ಮೇಲೇರಿ ಬಣ್ಣವನ್ನು ತಳ್ಳಿ, ಅಂಕುಡೊಂಕು ಅಂಚಿನ ಬಿಳಿಚಿದ ಕಲೆ ಮಾಡುತ್ತದೆ. ಇದನ್ನೇ ಬ್ಯಾಕ್‌ರನ್ ಎನ್ನುವುದು. ಹೊಸಬರ ಚಿತ್ರಗಳನ್ನು ಹೆಚ್ಚು ಕೆಡಿಸುವುದು ಇದೇ.

ಇನ್ನು ಒಣಗುವ ಹದ. ಹಾಳೆಯನ್ನು ಮೇಲಿನಿಂದಲ್ಲ, ಪಕ್ಕದಿಂದ ಬೆಳಕಿಗೆ ಓರೆಯಾಗಿ ನೋಡಿ. ಪಳಪಳ ಹೊಳೆಯುತ್ತಿದ್ದರೆ ಇನ್ನೊಂದು ಬಣ್ಣ ಬಿಡಬಹುದು, ಅದು ಮೆತ್ತಗೆ ಹರಡುತ್ತದೆ. ಹೊಳಪು ಆರುತ್ತ ಬಂದ ಕ್ಷಣದಿಂದ ಪೂರ್ತಿ ಒಣಗುವವರೆಗೆ ಕೈ ಕಟ್ಟಿ ಕೂರಬೇಕು. ಅಪಾಯವೆಲ್ಲ ಈ ನಡುವಿನ ಅವಧಿಯಲ್ಲಿ: ಬ್ರಷ್ಷಿನಲ್ಲಿ ಹಾಳೆಗಿಂತ ಹೆಚ್ಚು ನೀರಿದ್ದರೆ ಬ್ಯಾಕ್‌ರನ್, ಕಡಿಮೆ ಇದ್ದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಒಣಗಿದೆಯೇ ಎಂದು ತಿಳಿಯಲು ಬೆರಳ ಹಿಂಬದಿ ತಾಕಿಸಿ; ತಣ್ಣಗಿದ್ದರೆ ಒಳಗಿನ್ನೂ ತೇವವಿದೆ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಹೋದ ಮೇಲಷ್ಟೇ, ಒಂದು ಅಡಿ ದೂರದಿಂದ.

ಮೊದಲ ಚಿತ್ರ: ಆಕಾಶ, ಎರಡು ಬೆಟ್ಟ, ಒಂದು ಮರ

ಪೆನ್ಸಿಲ್‌ನಲ್ಲಿ ಎರಡು ಬೆಟ್ಟದ ಸಾಲು ಮಾತ್ರ ಹಗುರಾಗಿ ಗೀಚಿಕೊಳ್ಳಿ. ರಬ್ಬರ್ ಒತ್ತಿ ಉಜ್ಜಿದರೆ ಲೇಪ ಕಿತ್ತು, ಅಲ್ಲಿ ಬಣ್ಣ ಕಪ್ಪಾಗಿ ಇಂಗುತ್ತದೆ.

ಆಕಾಶದ ಭಾಗಕ್ಕೆ ಶುದ್ಧ ನೀರು ಎರಡು ಸಲ ಬಳಿಯಿರಿ, ಮೊದಲನೆಯದು ಇಂಗಿಹೋಗುತ್ತದೆ. ಒಂದೇ ಸಮನೆ ಹೊಳೆಯುವಾಗ ಮೇಲಿನಿಂದ ಅಲ್ಟ್ರಾಮರೀನ್ ಬಿಟ್ಟು, ಕೆಳಗೆ ಬರುತ್ತ ತಿಳಿಗೊಳಿಸಿ. ಮುದ್ದೆ ಮಾಡಿದ ಟಿಶ್ಯೂ ಒತ್ತಿ ಎತ್ತಿದರೆ ಮೋಡ. ಎರಡು ಮೂರು ಸಾಕು, ಪ್ರತಿ ಸಲ ಟಿಶ್ಯೂವಿನ ಒಣ ಬದಿ ತಿರುಗಿಸಿ.

ಪೂರ್ತಿ ಒಣಗಿದ ಮೇಲೆ ದೂರದ ಬೆಟ್ಟ: ಅಲ್ಟ್ರಾಮರೀನ್, ಚೂರು ರೋಸ್, ಧಾರಾಳ ನೀರು. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಹಸಿಯಲ್ಲಿ ತುಸು ಗಾಢ ಎನಿಸಿದರೇ ಸರಿ. ಅದೇ ಕಾಗದದ ಚೂರಿನ ಮೇಲೆ ಪರೀಕ್ಷಿಸಿ ಹಾಕಿ. ಮತ್ತೆ ಒಣಗಲಿ. ಹತ್ತಿರದ ಬೆಟ್ಟಕ್ಕೆ ಥ್ಯಾಲೋ ಬ್ಲೂ, ಓಕರ್, ಸ್ವಲ್ಪ ಬರ್ನ್ಟ್ ಸಿಯೆನ್ನಾ. ಥ್ಯಾಲೋ ಬಹಳ ಜೋರು, ಬ್ರಷ್ಷಿನ ತುದಿಗೆ ಅಂಟಿದಷ್ಟೇ ಸಾಕು. ಇಲ್ಲಿ ನೀರು ಕಡಿಮೆ, ಬಣ್ಣ ಹೆಚ್ಚು. ಒಂದು ಮಿಶ್ರಣಕ್ಕೆ ಮೂರು ಬಣ್ಣ ದಾಟಬೇಡಿ. ನಾಲ್ಕನೆಯದು ಸೇರಿದರೆ ಸಾಮಾನ್ಯವಾಗಿ ಕೆಸರೇ.

ಮರವನ್ನು ಕೊನೆಗೆ, ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದ ಗಟ್ಟಿ ಮಿಶ್ರಣದಲ್ಲಿ ಹಾಕಿ. ಬ್ರಷ್ಷಿನ ನೀರನ್ನು ಬಟ್ಟೆಗೆ ಒರೆಸಿ, ಮಲಗಿಸಿ ಹಿಡಿದು ಹಾಳೆಯ ಮೇಲೆ ಸವರಿದರೆ ಕಾಗದದ ಉಬ್ಬುಗಳಿಗಷ್ಟೇ ಬಣ್ಣ ಹತ್ತಿ ಎಲೆಗಳ ಗೊಂಚಲು ತಾನೇ ಮೂಡುತ್ತದೆ. ಕಾಂಡಕ್ಕೆ ಎರಡೇ ಎಳೆತ.

ಟೇಪನ್ನು ಹಾಳೆ ಪೂರ್ತಿ ಒಣಗಿದ ಮೇಲೆ, ಚಿತ್ರದಿಂದ ಹೊರಮುಖವಾಗಿ, ನಿಧಾನ ಎಳೆಯಿರಿ. ಅವಸರ ಮಾಡಿದರೆ ಕಾಗದದ ಸಿಪ್ಪೆಯೂ ಬರುತ್ತದೆ. ಬ್ರಷ್ಷನ್ನು ತೊಳೆದು, ತುದಿ ಚೂಪು ಮಾಡಿ, ಅಡ್ಡ ಮಲಗಿಸಿ ಒಣಗಿಸಿ. ನೀರಿನ ಪಾತ್ರೆಯಲ್ಲಿ ನಿಲ್ಲಿಸಿಟ್ಟರೆ ತುದಿ ಬಾಗುತ್ತದೆ, ಲೋಹದ ಕೊಳವೆಯೊಳಗಿನ ಅಂಟು ಬಿಡುತ್ತದೆ. ಪ್ಯಾಲೆಟ್ ಹಸಿಯಿರುವಾಗಲೇ ಮುಚ್ಚಿದರೆ ಬೂಷ್ಟು ಬರುತ್ತದೆ, ರಾತ್ರಿಯಿಡೀ ತೆರೆದೇ ಇಡಿ.