ಶೇಂಗಾ ಸುಲಿಯುತ್ತಾ ಆಡಿದ ಮಾತು

ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಹರೆಯದ ಮಕ್ಕಳ ಆರೋಗ್ಯದ ಕೆಲಸ ಮಾಡುವವಳು ನಾನು. ಶಾಲೆಯಲ್ಲಿ ಹುಡುಗಿಯರನ್ನು ಕೂರಿಸಿಕೊಂಡು ಮುಟ್ಟಿನ ವಿಷಯ ಹೇಳುವುದು ನನಗೆ ಕಷ್ಟವಾಗಲಿಲ್ಲ. ಆದರೆ ಅದೇ ಹುಡುಗಿ ಮನೆಗೆ ಹೋಗಿ ಇನ್ನೊಂದು ಪ್ರಶ್ನೆ ಕೇಳಿದರೆ "ಸುಮ್ನಿರು, ನಾಚಿಕೆ ಆಗಲ್ವಾ?" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅದಕ್ಕೇ ದೊಡ್ಡವರ ಬೆನ್ನು ಹತ್ತಿದೆ.

ಸಭೆ ಅಂತ ಕರೆದರೆ ಬರುತ್ತಾರೆ, ಬಾಯಿ ಬಿಡುವುದಿಲ್ಲ. ಗೋಡೆಗೆ ಚಾರ್ಟ್ ನೇತುಹಾಕಿದರಂತೂ ಸೆರಗು ಬಾಯಿಗೆ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಶೇಂಗಾ ಜಾಸ್ತಿ. ಬಿತ್ತನೆಗೆ ಮುಂಚೆ ಹೆಂಗಸರು ಗುಂಪಾಗಿ ಕೂತು ಬೀಜದ ಶೇಂಗಾ ಸುಲಿಯುತ್ತಾರೆ. ನಾನೂ ಅಲ್ಲೇ ಹೋಗಿ ಕೂತೆ. ಕೈಗೆ ಕೆಲಸ, ಕಣ್ಣು ಮೊರದ ಮೇಲೆ. ಯಾರ ಮುಖ ಯಾರೂ ನೋಡಬೇಕಿಲ್ಲ.

ಮಕ್ಕಳ ಸುದ್ದಿ ಮೊದಲು ಎತ್ತಲಿಲ್ಲ. "ನೀವು ದೊಡ್ಡವರಾದಾಗ ನಿಮಗೆ ಯಾರು ಹೇಳಿದ್ರು?" ಅಂದೆ. ಆರತಿ ಮಾಡಿದ್ದು, ಕೊಬ್ಬರಿ ಬೆಲ್ಲ ತಿನ್ನಿಸಿದ್ದು, ಹೊರಗೆ ಕೂರಿಸಿದ್ದು ಎಲ್ಲರಿಗೂ ನೆನಪಿತ್ತು. ರಕ್ತ ಯಾಕೆ ಬಂತು ಅನ್ನುವುದು ಮಾತ್ರ ಮಕ್ಕಳಾದ ಮೇಲೂ ಕೆಲವರಿಗೆ ಗೊತ್ತಿರಲಿಲ್ಲ. ಕೆಟ್ಟ ರಕ್ತ ಅಂತಲೇ ನಂಬಿದ್ದರು. ಗರ್ಭ ನಿಲ್ಲಲಿ ಅಂತ ತಯಾರಾದ ಗರ್ಭಕೋಶದ ಒಳಪದರ, ಗರ್ಭ ನಿಲ್ಲದಾಗ ಕಳಚಿ ಬರುತ್ತದೆ ಅಂದೆ. ಆಮೇಲೆ ಪ್ರಶ್ನೆಗಳು ಶುರುವಾದವು. ಮೊದಲ ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ಸಹಜ. ಶುರುವಾದದ್ದು ಮೂರು ತಿಂಗಳು ನಿಂತರೆ, ಏಳು ದಿನ ದಾಟಿಯೂ ಹೋಗುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದನ್ನು ತಮಗಾಗಿ ಕೇಳಿದವರೇ ಆಮೇಲೆ ಮಗಳಿಗಾಗಿ ಕೇಳಿದರು. ಬೈಗುಳದ ಹಿಂದೆ ಬಹಳ ಸಲ ಇರುವುದು ಉತ್ತರ ಗೊತ್ತಿಲ್ಲದ ದಿಗಿಲು, ಅಲ್ವಾ?

ನಂತರ ಬಾಯಿಪಾಠವಲ್ಲ, ಆಟ. ಒಬ್ಬಳು ಮಗಳು, ಒಬ್ಬಳು ಅಮ್ಮ. "ಒಂದೇ ಸಲಕ್ಕೆ ಬಸಿರಾಗ್ತಾರಾ?" ಅಂತ ಮಗಳು ಕೇಳುತ್ತಾಳೆ. ಆಗಬಹುದು. ಉತ್ತರ ಎರಡು ಮಾತಿನಲ್ಲಿ ಮುಗಿಯಬೇಕು, ಉಪದೇಶ ಬೇಡ. "ಯಾಕೆ ಕೇಳ್ತಿದ್ದೀಯಾ?" ಅಂತ ಕಣ್ಣು ಕೆಂಪು ಮಾಡಿದರೆ ಆಟದಿಂದ ಔಟ್. ಗೊತ್ತಿಲ್ಲದಿದ್ದರೆ "ಕೇಳಿ ಹೇಳ್ತೀನಿ" ಅನ್ನಬೇಕು, ಕೇಳಿಕೊಂಡು ಬಂದು ಹೇಳಲೂಬೇಕು. ನಗು ಬಿದ್ದು ಬಿದ್ದು ಬರುತ್ತದೆ, ಬರಲಿ. ಇದರಲ್ಲಿ ಅಜ್ಜಿಯರು, ಸೋದರತ್ತೆಯರು ಅಮ್ಮಂದಿರಿಗಿಂತ ಜೋರು. ಅಮ್ಮನಿಗೆ ಹೇಳದ್ದನ್ನು ಹುಡುಗಿಯರು ಅತ್ತೆಗೆ ಹೇಳುತ್ತಾರೆ. ಹಾಗಾಗಿ ಅಮ್ಮಂದಿರನ್ನಷ್ಟೇ ಕರೆಯುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ.

ಅಪ್ಪಂದಿರ ಜತೆ ಊರ ಕಟ್ಟೆಯ ಮೇಲೆ ಗಂಡು ಕಾರ್ಯಕರ್ತರೇ ಮಾತಾಡಿದರು. ಅಲ್ಲಿ ಹೇಳಬೇಕಾದ ಮುಖ್ಯ ವಿಷಯ ಸ್ವಪ್ನಸ್ಖಲನ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ, ಅದರಿಂದ ಶಕ್ತಿ ಕುಂದುವುದಿಲ್ಲ. ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತುಗಳು ಬದುಕಿರುವುದೇ ಹುಡುಗರ ಈ ಭಯದ ಮೇಲೆ. ಅಪ್ಪ ಒಂದು ಮಾತು ಹೇಳಿದರೆ ಮಗ ಅಲ್ಲಿ ದುಡ್ಡು ಸುರಿಯುವುದು ತಪ್ಪುತ್ತದೆ.

ಕಾನೂನಿನ ವಿಷಯ ಹೇಳಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಜತೆಗಿನ ಲೈಂಗಿಕ ಸಂಪರ್ಕ ಅಪರಾಧ, ಅವರು ಒಪ್ಪಿದ್ದರೂ ಅಷ್ಟೇ. ಗೊತ್ತಾದವರು ಪೊಲೀಸರಿಗೆ ತಿಳಿಸಬೇಕು. ಅದಕ್ಕೇ ಮಗುವಿಗೆ "ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬೇಡಿ ಅನ್ನುತ್ತೇನೆ. "ನಿನ್ನ ಜತೆ ಇರ್ತೀನಿ" ಅನ್ನಿ, ಅದನ್ನು ಉಳಿಸಿಕೊಳ್ಳಬಹುದು. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲೂ ಹಾಕಿಸಿದೆ.

ಇನ್ನು ಸ್ನೇಹ ಕ್ಲಿನಿಕ್. 10ರಿಂದ 19 ವರ್ಷದವರಿಗೆ ಆರೋಗ್ಯದ ಸಲಹೆ, ಚಿಕಿತ್ಸೆ ಕೊಡಲು ಸರ್ಕಾರಿ ಆಸ್ಪತ್ರೆಯಲ್ಲಿ ಇರುವ ವ್ಯವಸ್ಥೆ ಅದು. ಮೊದಲ ಸಲ ಮಗುವಿನ ಜತೆ ನೀವೂ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ. ವಾಪಸ್ ಬರುವಾಗ ಒಳಗೆ ಏನು ಮಾತಾಡಿದೆ ಅಂತ ಬಸ್ಸಿನಲ್ಲಿ ಕೆದಕಬೇಡಿ.