ಇವರ ಕಡಲನ್ನು ನೋಡಲು ಹೋದದ್ದು

ಡಿಸೆಂಬರ್ ತಿಂಗಳಲ್ಲಿ ಮಲ್ಪೆಯವರು ರಜೆ ಮಾಡುವುದಿಲ್ಲ. ನಮ್ಮ ರಜೆ ಏನಿದ್ದರೂ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ. ಉಳಿದ ತಿಂಗಳುಗಳಲ್ಲಿ ಆಳಸಮುದ್ರದ ಬೋಟುಗಳು ಹತ್ತು ಹನ್ನೆರಡು ದಿನಕ್ಕೊಮ್ಮೆ ಬಂದರಿಗೆ ಬಂದು, ಮೀನು ಇಳಿಸಿ, ಮಂಜುಗಡ್ಡೆಯನ್ನೂ ಡೀಸೆಲನ್ನೂ ತುಂಬಿಸಿಕೊಂಡು ಮತ್ತೆ ಹೊರಡುತ್ತವೆ. ಇವರು, ಎಂದರೆ ನನ್ನ ಯಜಮಾನರು, ಇಪ್ಪತ್ತೆಂಟು ವರ್ಷ ಹಾಗೆ ಹೋಗಿಬಂದವರು, ಕೊನೆಯ ಹದಿನಾಲ್ಕು ವರ್ಷ ಬೋಟ್ ನಡೆಸುವ ತಾಂಡೇಲರಾಗಿ. ಮೊಣಕಾಲು ಸವೆದು ಬೋಟ್ ಬಿಟ್ಟಾಗ ನಾನು ಕೇಳಿದ್ದು ಒಂದೇ ಮಾತು: ಅಷ್ಟು ವರ್ಷ ನೀವಿದ್ದ ಜಾಗವನ್ನು ನನಗೊಮ್ಮೆ ತೋರಿಸಿ. ನಮ್ಮಲ್ಲಿ ಹೆಂಗಸರು ಮೀನಿನ ಬೋಟ್ ಹತ್ತುವ ರೂಢಿಯಿಲ್ಲ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಯಿಂದ ಕಂಡಷ್ಟೇ ನನ್ನ ಕಡಲು. ಹಾಗಾಗಿ ಪ್ರವಾಸಿ ಹಡಗಿನಲ್ಲಿ ಹೋಗುವುದೆಂದಾಯಿತು.

ಹೋಗುವುದಾದರೆ ಡಿಸೆಂಬರಿನಲ್ಲೇ ಎಂದು ಹೇಳಿದವರು ಇವರೇ. ಮಳೆಗಾಲದ ಕಡಲನ್ನು ಹೊಸಬರಿಗೆ ತೋರಿಸಬಾರದು, ಏಪ್ರಿಲ್ ದಾಟಿದರೆ ಸೆಕೆ, ಚಳಿಗಾಲದಲ್ಲಿ ನೀರು ತಕ್ಕಮಟ್ಟಿಗೆ ಶಾಂತ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದೂ ಇದೇ ಕಾಲದಲ್ಲಿ. ಅವುಗಳಲ್ಲಿ ಬಂದವರು ಇಳಿದು ಕುದ್ರೋಳಿ, ಮೂಡುಬಿದಿರೆ, ಕಾರ್ಕಳ ನೋಡಿಕೊಂಡು ಹೋಗುತ್ತಾರೆ. ನಾವು ಹತ್ತಬೇಕಾದರೆ ಮುಂಬೈಗೇ ಹೋಗಬೇಕಾಯಿತು.

ಆರಿಸಿಕೊಂಡದ್ದು ಕಾರ್ಡೇಲಿಯಾ ಸಂಸ್ಥೆಯ ಎಂಪ್ರೆಸ್ ಹಡಗನ್ನು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, 211 ಮೀಟರ್ ಉದ್ದ, ಹನ್ನೊಂದು ಅಂತಸ್ತು. ಗೋವಾಕ್ಕೆ ಹೋಗಿಬರುವ ಎರಡು ರಾತ್ರಿಗಳ ಪ್ರವಾಸ ಅಗ್ಗವಿತ್ತು, ಆದರೆ ಅದರಲ್ಲಿ ಕಡಲಿಗಿಂತ ಗದ್ದಲವೇ ಹೆಚ್ಚು ಎಂದು ನನಗನಿಸಿತು. ಲಕ್ಷದ್ವೀಪದ ಅಗತ್ತಿಗೆ ಹೋಗಿಬರುವ ನಾಲ್ಕು ರಾತ್ರಿಗಳ ಪ್ರವಾಸದಲ್ಲಿ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಸುತ್ತ ನೀರಲ್ಲದೆ ಬೇರೇನೂ ಇರುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಎರಡು ದಿನಗಳೇ.

ಟಿಕೆಟ್ ತೆಗೆಯುವಾಗ ನಾನು ಮಾಡಿದ ತಪ್ಪನ್ನು ಇಲ್ಲಿ ವಿವರವಾಗಿಯೇ ಹೇಳುತ್ತೇನೆ. ಜಾಹೀರಾತಿನ ಬೆಲೆಗೆ ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಸೇವಾಶುಲ್ಕ ಸೇರುತ್ತವೆ ಎಂಬುದನ್ನು ವಿಚಾರಿಸಿಕೊಂಡಿದ್ದೆ. ವೈಫೈ, ಮದ್ಯ, ದ್ವೀಪದ ವಿಹಾರ ಎಲ್ಲಕ್ಕೂ ಬೇರೆ ಹಣ ಎಂಬುದೂ ಗೊತ್ತಿತ್ತು. ಕ್ಯಾಬಿನ್ ಎಲ್ಲಿರಬೇಕು ಎಂಬುದನ್ನು ಇವರು ಮೊದಲೇ ಹೇಳಿದ್ದರು: ಹಡಗಿನ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಅಂತಸ್ತು. ತೊಟ್ಟಿಲನ್ನು ತೂಗಿದಾಗ ನಡುವಿನ ಮಗುವಿಗಿಂತ ತುದಿಯ ಮರ ಹೆಚ್ಚು ಏರಿಳಿಯುವಂತೆ, ಹಡಗಿನಲ್ಲೂ ಮುಂದಿನ ಮೂತಿ, ಹಿಂದಿನ ಬಾಲ, ಮೇಲಿನ ಅಂತಸ್ತು ಹೆಚ್ಚು ಆಡುತ್ತವೆ. ಏಜೆಂಟರು ಫೋನಿನಲ್ಲಿ ನಡುಭಾಗವೇ ಎಂದು ಒಪ್ಪಿದರು. ಆದರೆ ನಮಗೆ ಮಾರಿದ್ದು ಕ್ಯಾಬಿನ್ ಸಂಖ್ಯೆಯನ್ನು ಕೊನೆಗೆ ನಿಗದಿ ಮಾಡುವ ಬಗೆಯ ಟಿಕೆಟ್. ಚೀಟಿ ಕೈಗೆ ಬಂದಾಗ ನಮ್ಮ ಕೋಣೆ ಮೂತಿಯ ಹತ್ತಿರವಿತ್ತು. ಹಣ ಕೊಡುವ ಮೊದಲೇ ಸಂಖ್ಯೆಯನ್ನು ಬರಹದಲ್ಲಿ ಕೇಳಿ, ಹಡಗಿನ ನಕ್ಷೆಯ ಮೇಲೆ ಬೆರಳಿಟ್ಟು ನೋಡಿಕೊಳ್ಳಬೇಕಿತ್ತು.

ಉಡುಪಿಯಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮಧ್ಯಾಹ್ನದ ನಂತರ ಹೊರಟು ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪುತ್ತದೆ. ಹಡಗು ಹೊರಡುವ ದಿನವೇ ಅಲ್ಲಿ ಇಳಿಯುವ ಸಾಹಸ ಮಾಡಲಿಲ್ಲ. ಒಂದು ದಿನ ಮೊದಲೇ ಹೋಗಿ ಮುಂಬೈಯಲ್ಲಿರುವ ನಾದಿನಿಯ ಮನೆಯಲ್ಲಿ ಉಳಿದೆವು. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಲಕ್ಷದ್ವೀಪಕ್ಕೆ ಇಳಿಯಲು ಪ್ರವೇಶ ಪರವಾನಗಿ ಬೇಕು. ನಮ್ಮ ಗುರುತಿನ ಚೀಟಿಯ ಪ್ರತಿಗಳನ್ನು ಮುಂಚಿತವಾಗಿ ಕಳುಹಿಸಿದ್ದರಿಂದ ಅದು ಪ್ರವಾಸದ ವ್ಯವಸ್ಥೆಯಲ್ಲೇ ಸೇರಿ ಬಂತು. ಆಧಾರ್‌ನಲ್ಲಿ ಇರುವಂತೆಯೇ ಟಿಕೆಟ್‌ನಲ್ಲೂ ಹೆಸರಿರಬೇಕು. ಇವರ ಇನಿಷಿಯಲ್ ಒಂದನ್ನು ತಿದ್ದಿಸಲು ನನಗೆ ಎರಡು ದಿನ ಹಿಡಿಯಿತು.

ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತಿದ ಮೇಲೆ ಮೊದಲು ನಡೆದದ್ದು ಸುರಕ್ಷತಾ ಕವಾಯತು. ಏಳು ಚಿಕ್ಕ ಸಿಳ್ಳೆ, ಒಂದು ಉದ್ದದ ಸಿಳ್ಳೆ ಕೇಳಿದರೆ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂದು ಸಿಬ್ಬಂದಿ ತೋರಿಸುತ್ತಿದ್ದಾಗ ಅನೇಕರು ಫೋಟೋ ತೆಗೆಯುತ್ತಿದ್ದರು. ಇವರು ಮಾತ್ರ ಜಾಕೆಟಿನ ಪ್ರತಿ ಪಟ್ಟಿಯನ್ನೂ ಎಳೆದು ನೋಡಿದರು, ನನ್ನದನ್ನು ತಾವೇ ಕಟ್ಟಿದರು. ನಮ್ಮ ಬೋಟುಗಳಲ್ಲಿ ಇದು ತಲೆದಿಂಬಾಗುತ್ತದೆ ಎಂದು ಇವರು ಮೆಲ್ಲಗೆ ಹೇಳಿದ ಧ್ವನಿ ನನಗೆ ಈಗಲೂ ನೆನಪಿದೆ.

ಮೊದಲ ರಾತ್ರಿ ಬಡಗು-ಪಡುವಣದಿಂದ ಅಲೆ ಎದ್ದಿತು. ಇವರಿಗೆ ಅದು ಅಲೆಯೇ ಅಲ್ಲ. ಮೂತಿಯ ಕೋಣೆಯಲ್ಲಿದ್ದ ನಾನು ಎರಡು ಬಾರಿ ವಾಂತಿ ಮಾಡಿದೆ. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ಅದು ನಿಲ್ಲುವುದಿಲ್ಲ. ಇವರು ನನ್ನನ್ನು ಎಬ್ಬಿಸಿ ನಡುಭಾಗದ ಕೆಳಗಿನ ಅಂತಸ್ತಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ಒಣ ಅವಲಕ್ಕಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನಿಸಿದರು. ಬರೀ ಹೊಟ್ಟೆಯಲ್ಲಿ ಕಡಲಿಗೆ ಇಳಿಯಬಾರದು ಎಂದು ತಮ್ಮ ಬೋಟಿಗೆ ಬರುವ ಹೊಸ ಹುಡುಗರಿಗೆ ಹೇಳುತ್ತಿದ್ದರಂತೆ. ನಡೆಯುವಾಗ ನೆಲವನ್ನು ನೋಡಬೇಡ, ಮೊಣಕಾಲನ್ನು ಸಡಿಲ ಬಿಡು ಎಂದರು. ಬೆಳಗಾಗುವ ಹೊತ್ತಿಗೆ ನಾನು ಗೋಡೆ ಹಿಡಿಯದೆ ನಡೆಯುತ್ತಿದ್ದೆ.

ಆ ಹೊತ್ತಿಗೆ ನಾವು ಮಹಾರಾಷ್ಟ್ರದ ಕರಾವಳಿಯ ಮಾಲ್ವಣ್‌ನ ನೇರಕ್ಕೆ ಬಂದಿರಬೇಕು. ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಏಳು ಮಂದಿಯೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟ್ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಆ ಕಡೆಯ ನೀರಿನ ತಳದಲ್ಲಿ. ಆ ಚಳಿಗಾಲ ಇವರೂ ಕಡಲಿನಲ್ಲಿದ್ದರು, ಪ್ರತಿ ದಿನ ನಾನು ಬಂದರಿಗೆ ಹೋಗಿ ವಿಚಾರಿಸುತ್ತಿದ್ದೆ. ಇವರು ಡೆಕ್‌ನ ಕಂಬಿ ಹಿಡಿದು ಮೂಡಣಕ್ಕೆ ಮುಖ ಮಾಡಿ ಕೈಮುಗಿದರು. ನಾನೂ ಮುಗಿದೆ. ಹಿಂದಿನಿಂದ ಯೋಗ ತರಗತಿಗೆ ಕರೆಯುವ ಧ್ವನಿವರ್ಧಕ ಕೇಳುತ್ತಿತ್ತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡ್ಲಿ, ದೋಸೆ, ಜೈನ ಊಟ ಎಲ್ಲ ಇತ್ತು. ನಾಟಕ, ಹಾಡು, ಕುಣಿತವನ್ನು ಇಷ್ಟಪಡುವವರಿಗೆ ಅದೂ ಇತ್ತು. ನಾವು ಒಂದು ಸಂಜೆ ಹೋದೆವು, ಸಾಕೆನಿಸಿತು.

ಅಗತ್ತಿಯಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಹೊರಗೆ ನಿಂತು, ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತದೆ, ಅಲೆ ಜೋರಾದರೆ ಇಳಿಸುವುದೂ ಇಲ್ಲ. ಹಡಗಿನಿಂದ ದೋಣಿಗೆ ಕಾಲಿಡುವ ಒಂದು ಹೆಜ್ಜೆ ಮೊಣಕಾಲು ನೋವಿನವರಿಗೆ ಕಷ್ಟ. ದೋಣಿ ಮೇಲೇರಿದ ಕ್ಷಣದಲ್ಲಿ ಹೆಜ್ಜೆಯಿಡಬೇಕು, ಇಳಿಯುವಾಗ ಅಲ್ಲ. ದಡದಲ್ಲಿ ಎಲ್ಲರೂ ಹವಳ ನೋಡಲು ನೀರಿಗಿಳಿದರೆ ಇವರು ಅಲ್ಲಿನ ಮೀನುಗಾರರ ಬಳಿ ಕುಳಿತರು. ಅವರ ಮಾತು ಮಲಯಾಳಂ, ಇವರದು ತುಳು, ಮೀನಿನ ವಿಷಯವಾದ್ದರಿಂದ ತೊಡಕಾಗಲಿಲ್ಲ. ಅಲ್ಲಿ ಕೇದರ್, ಎಂದರೆ ಟ್ಯೂನಾ ಮೀನನ್ನು ಬಲೆಯಿಂದಲ್ಲ, ಕೋಲಿಗೆ ಗಾಳ ಕಟ್ಟಿ ಹಿಡಿಯುತ್ತಾರೆ. ಜೀವಂತ ಚಿಕ್ಕ ಮೀನುಗಳನ್ನು ನೀರಿಗೆ ಎಸೆದು ಹಿಂಡನ್ನು ಮೇಲಕ್ಕೆ ಕರೆದು, ಒಂದೊಂದಾಗಿ ಎತ್ತುತ್ತಾರೆ. ಮರಿಗಳನ್ನೂ ಬಳಿದು ತರುವ ನಮ್ಮ ಟ್ರಾಲ್ ಬಲೆಯನ್ನು ನೆನೆದು ಇವರು ಬಹಳ ಹೊತ್ತು ಮಾತನಾಡಲಿಲ್ಲ. ಬಡಗಿಗಿರುವ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಲಕ್ಷದ್ವೀಪಕ್ಕೆ ಸರಕು ಹೋಗುತ್ತದೆ. ಮಂಗಳೂರು ಎಂದೊಡನೆ ಒಬ್ಬ ಮುದುಕರು ಎಳನೀರು ತಂದುಕೊಟ್ಟರು.

ಮರಳುವ ರಾತ್ರಿ ಮೂರೂವರೆಗೆ ಇವರು ನನ್ನನ್ನು ಎಬ್ಬಿಸಿದರು. ಕೈಯಲ್ಲಿ ಹಳೆಯ ಜಿಪಿಎಸ್ ಇತ್ತು, ಬೋಟಿನದೇ, ಬ್ಯಾಗಿನಲ್ಲಿ ತಂದದ್ದು ನನಗೆ ತಿಳಿದಿರಲಿಲ್ಲ. ಅದರಲ್ಲಿ ಅಕ್ಷಾಂಶ ಹದಿಮೂರು ಡಿಗ್ರಿ ಇಪ್ಪತ್ತೊಂದು ಮಿನಿಟ್, ಮಲ್ಪೆಯ ನೇರದ ಸಾಲು. ದಡ ಇನ್ನೂರು ಕಿಲೋಮೀಟರಿಗೂ ದೂರ, 1901ರಿಂದ ಇರುವ ಕಾಪು ದೀಪಸ್ತಂಭದ ಬೆಳಕೂ ಅಲ್ಲಿಗೆ ತಲುಪುವುದಿಲ್ಲ. ಆದರೆ ಕತ್ತಲಿನಲ್ಲಿ ಮೂರು ಬೆಳಕುಗಳು ನಿಧಾನವಾಗಿ ಚಲಿಸುತ್ತಿದ್ದವು. ಟ್ರಾಲರ್, ಬಲೆ ಎಳೆಯುತ್ತಿದ್ದಾರೆ, ಇನ್ನೊಂದು ಗಂಟೆಗೆ ಎತ್ತುತ್ತಾರೆ ಎಂದರು. ಇವರು ಮನೆಯಲ್ಲಿಲ್ಲದ ರಾತ್ರಿಗಳಲ್ಲಿ ಎಲ್ಲಿರುತ್ತಿದ್ದರು ಎಂಬುದನ್ನು ನಾನು ನೋಡಿದ್ದು ಆಗಲೇ. ಬೆಳಕುಗಳು ಹಿಂದೆ ಉಳಿಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.

ಈ ಡಿಸೆಂಬರಿನಲ್ಲಿ ಮೈದುನ ಮತ್ತು ಅವನ ಹೆಂಡತಿ ಹೊರಟಿದ್ದಾರೆ. ಅವರ ಕ್ಯಾಬಿನ್ ಸಂಖ್ಯೆಯನ್ನು ನಕ್ಷೆಯಲ್ಲಿ ನಾನೇ ನೋಡಿ ಖಚಿತ ಮಾಡಿಕೊಂಡಿದ್ದೇನೆ, ನಡುಭಾಗದ್ದು, ಕೆಳಗಿನ ಅಂತಸ್ತಿನದು. ಅವಲಕ್ಕಿಯನ್ನೂ ಕಟ್ಟಿಕೊಟ್ಟಿದ್ದೇನೆ.