ಮೊದಲು ಪ್ರತಿ, ಆಮೇಲೆ ಫೈಲು: ಪೆಟ್ಟು ತಿಂದ ಲ್ಯಾಪ್‌ಟಾಪ್ ಡಿಸ್ಕಿನ ಜೊತೆ ನಾನು ಕೆಲಸ ಮಾಡುವ ಬಗೆ

ಕೆಳಗೆ ಬಿದ್ದ ಲ್ಯಾಪ್‌ಟಾಪ್ ಕೈಗೆ ಬಂದರೆ ನಾನು ಅದನ್ನು ಆನ್ ಮಾಡಿ ನೋಡಲು ಹೋಗುವುದಿಲ್ಲ. ವಿಂಡೋಸ್ ಏಳುವಾಗಲೇ ಡಿಸ್ಕಿನ ಮೇಲೆ ಬರೆಯತೊಡಗುತ್ತದೆ. ಏಳಲಾಗದಿದ್ದರೆ ತಾನೇ ದುರಸ್ತಿಗೆ ಇಳಿದು, ಡಿಸ್ಕ್ ತಪಾಸಣೆಯ ತನ್ನ ಉಪಕರಣ ಚೆಕ್‌ಡಿಸ್ಕ್ ಓಡಿಸಿಬಿಡಬಹುದು. ಚೆಕ್‌ಡಿಸ್ಕಿನ ಗುರಿ ಫೈಲ್ ಸಿಸ್ಟಮ್ಮನ್ನು, ಅಂದರೆ ಯಾವ ಫೈಲು ಎಲ್ಲಿದೆ ಎಂಬ ವ್ಯವಸ್ಥೆಯನ್ನು, ಸರಿಮಾಡುವುದು, ನಿಮ್ಮ ಫೈಲು ಉಳಿಸುವುದಲ್ಲ. ಓದಲಾಗದ ದಾಖಲೆಗಳನ್ನು ಕಿತ್ತುಹಾಕಿ, ಉಳಿದ ಚೂರುಗಳನ್ನು ಬೇರೆ ಹೆಸರಿನಲ್ಲಿ ಗುಡ್ಡೆ ಹಾಕುತ್ತದೆ. ಆದ್ದರಿಂದ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸಿ ಡಿಸ್ಕನ್ನು ಹೊರತೆಗೆಯುವುದು. ಇಲ್ಲಿ ಹೇಳುತ್ತಿರುವುದು ಎರಡೂವರೆ ಇಂಚಿನ, 500 ಜಿಬಿಯ, ತಿರುಗುವ ತಟ್ಟೆಗಳಿರುವ ಸಾಟಾ (ಕಂಪ್ಯೂಟರಿಗೆ ಡಿಸ್ಕ್ ಜೋಡಿಸುವ ಒಂದು ಬಗೆ) ಡಿಸ್ಕಿನ ಕತೆ. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ದಾಖಲಿಸುವ ಎಸ್‌ಎಸ್‌ಡಿಯ ದಾರಿ ಬೇರೆ. ಅದರಲ್ಲಿ ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ಆಜ್ಞೆ ಬೇಗನೆ ಖಾಲಿ ಮಾಡಿಬಿಡುತ್ತದೆ.

ಈ ಡಿಸ್ಕುಗಳಿಗೆ 5 ವೋಲ್ಟ್ ಸಾಕು, ಆದರೆ ತಿರುಗಲು ಶುರುವಾಗುವಾಗ ಸುಮಾರು 1 ಆಂಪಿಯರ್ ಎಳೆಯುತ್ತವೆ. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿಆಂಪಿಯರ್, ಯುಎಸ್‌ಬಿ 3ರದ್ದು 900. ಕರೆಂಟ್ ಸಾಲದಿದ್ದರೂ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ತಟ್ಟೆಯನ್ನು ಓದುವ ಹೆಡ್ಡು ಮುರಿದಾಗ ಬರುವ ಸದ್ದಿನಂತೆಯೇ. ಎಷ್ಟೋ ಡಿಸ್ಕುಗಳನ್ನು ಸತ್ತಿದೆ ಎಂದು ಬದಿಗಿಡುವುದು ಈ ಕಾರಣಕ್ಕೆ. ನಾನು ಡೆಸ್ಕ್‌ಟಾಪಿನ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸುತ್ತೇನೆ. ಅಗ್ಗದ ಯುಎಸ್‌ಬಿ ಕೇಸುಗಳು ಕೆಟ್ಟ ಸೆಕ್ಟರ್ (ಡಿಸ್ಕ್ ಓದುವ ಅತಿ ಸಣ್ಣ ತುಂಡು) ಎದುರಾದಾಗ ನಿಂತೇಬಿಡುತ್ತವೆ.

ಸರಿಯಾದ ಕರೆಂಟ್ ಕೊಟ್ಟ ಮೇಲೂ ಟಿಕ್ ಸದ್ದು ನಿಲ್ಲದಿದ್ದರೆ, ಅಥವಾ ಕೆರೆಯುವ ಸದ್ದು ಬಂದರೆ, ತಕ್ಷಣ ಆಫ್. ಅದು ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಮುಚ್ಚಳ ತೆಗೆಯಬೇಡಿ. ಫ್ರೀಜರಿನಲ್ಲಿಡುವ ಸಲಹೆಯನ್ನೂ ಕೇಳಬೇಡಿ. ಹೊರತೆಗೆದ ಮೇಲೆ ತಟ್ಟೆಗಳ ಮೇಲೆ ನೀರಿನ ಪಸೆ ಕೂರುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕಿದರೂ ಸಾಮಾನ್ಯವಾಗಿ ಫಲವಿಲ್ಲ. ಆಯಾ ಡಿಸ್ಕಿಗೇ ಹೊಂದಿಸಿದ ಅಳತೆಗಳು ಬೋರ್ಡಿನ ಆರ್‌ಒಎಂ (ROM) ಚಿಪ್ಪಿನಲ್ಲಿರುತ್ತವೆ, ಚಿಪ್ಪನ್ನೂ ಬೆಸುಗೆ ಬಿಡಿಸಿ ದಾಟಿಸಬೇಕಾಗುತ್ತದೆ.

ಡಿಸ್ಕ್ ಸದ್ದಿಲ್ಲದೆ ತಿರುಗಿದರೆ ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡುತ್ತೇನೆ. ಕೆಟ್ಟ ಸೆಕ್ಟರುಗಳ ಬಗ್ಗೆ ಹೇಳುವ 5, 197, 198 ಈ ಮೂರು ಸಾಲುಗಳು ಮುಖ್ಯ. 197ರ ಎದುರಿನ ಅಂಕಿ ಓದಲು ತೊಂದರೆ ಕೊಡುತ್ತಿರುವ ಸೆಕ್ಟರುಗಳ ಲೆಕ್ಕ. 199 ಮಾತ್ರ ಏರಿದ್ದರೆ ಕೇಬಲ್ ಬದಲಿಸಿ ನೋಡಿ.

ಇನ್ನು ಅಸಲು ಕೆಲಸ. ಪೆಟ್ಟು ತಿಂದ ಡಿಸ್ಕ್ ಇನ್ನೆಷ್ಟು ಹೊತ್ತು ಓದುತ್ತದೋ ಹೇಳಲಾಗದು. ಉಳಿದ ಆಯುಷ್ಯವನ್ನು ಫೋಲ್ಡರ್ ತೆರೆದು ನೋಡುವುದರಲ್ಲಿ ಕಳೆಯದೆ, ಇಡೀ ಡಿಸ್ಕಿನ ಪ್ರತಿ ತೆಗೆಯುವುದಕ್ಕೇ ಮೀಸಲಿಡಬೇಕು. ಇದಕ್ಕೆ ನಾನು ಬಳಸುವುದು ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ; ಅದನ್ನು ಓಡಿಸುವುದು ದುರಸ್ತಿಗೆಂದೇ ಇರುವ ಲಿನಕ್ಸ್ ಆದ ಸಿಸ್ಟಮ್‌ರೆಸ್ಕ್ಯೂ ಪೆನ್‌ಡ್ರೈವಿನಿಂದ. ಪ್ರತಿ ಇಡಲು 1 ಟಿಬಿ ಡಿಸ್ಕ್ ಬೇಕು, ಫೈಲುಗಳನ್ನು ಬೇರ್ಪಡಿಸಲೂ ಜಾಗ ಬೇಕಲ್ಲ. ಅದರ ಫೈಲ್ ಸಿಸ್ಟಮ್ ಫ್ಯಾಟ್32 ಆಗಿರಬಾರದು, 4 ಜಿಬಿಗಿಂತ ದೊಡ್ಡ ಫೈಲು ಅಲ್ಲಿ ಹಿಡಿಸದು. ಆಜ್ಞೆಯಲ್ಲಿ ಮೊದಲು ಮೂಲ, ನಂತರ ಪ್ರತಿ, ಕೊನೆಗೆ ಯಾವ ಭಾಗ ಬಂದಿದೆ, ಯಾವುದು ಬಂದಿಲ್ಲ ಎಂಬ ಲೆಕ್ಕ ಇಡುವ ಮ್ಯಾಪ್ ಫೈಲು. ಮೂಲ ಮತ್ತು ಗುರಿ ಅದಲುಬದಲಾದರೆ ಎಲ್ಲವೂ ಅಳಿಸಿಹೋಗಬಹುದು; ಡಿಸ್ಕಿನ ಮಾದರಿ ಸಂಖ್ಯೆ, ಗಾತ್ರ ಎರಡನ್ನೂ ತಾಳೆ ನೋಡಿಯೇ ಎಂಟರ್ ಒತ್ತಿ.

ಮೊದಲ ಸುತ್ತಿಗೆ ಹೈಫನ್ ಎನ್ ಆಯ್ಕೆ. ಆಗ ಅದು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳನ್ನು ಕೆದಕುವ ಹಂತವನ್ನು ಬಿಡುತ್ತದೆ. ಆರೋಗ್ಯವಾಗಿರುವ ಭಾಗ ಸೆಕೆಂಡಿಗೆ 80ರಿಂದ 100 ಎಂಬಿ ವೇಗದಲ್ಲಿ ಬಂದರೆ 500 ಜಿಬಿಗೆ ಒಂದೂವರೆ ಗಂಟೆಯ ಆಸುಪಾಸು. ಎರಡನೆಯ ಸುತ್ತಿಗೆ ಹೈಫನ್ ಡಿ ಮತ್ತು ಹೈಫನ್ ಆರ್ 3: ಡಿಸ್ಕನ್ನು ನೇರವಾಗಿ ಓದು, ಉಳಿದ ಸೆಕ್ಟರುಗಳನ್ನು ಮೂರು ಸಲ ಯತ್ನಿಸು ಎಂದರ್ಥ. ಈ ಸುತ್ತು ದಿನಗಟ್ಟಲೆ ಎಳೆಯಬಹುದು. ಮ್ಯಾಪ್ ಫೈಲು ಇರುವವರೆಗೆ ನಡುವೆ ನಿಲ್ಲಿಸಿ, ಡಿಸ್ಕ್ ತಣ್ಣಗಾದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು; ಅದು ಕಳೆದುಹೋದರೆ ಮತ್ತೆ ಮೊದಲಿನಿಂದ. ಮ್ಯಾಪಿನಲ್ಲಿ ಒಳ್ಳೆಯದು, ಕೆಟ್ಟದ್ದು ಪಟ್ಟೆಪಟ್ಟೆಯಾಗಿ ಸಮ ಅಂತರದಲ್ಲಿ ಕಂಡರೆ ಒಂದು ಹೆಡ್ಡು ಹೋಗಿದೆ ಎಂದು ತಿಳಿಯಿರಿ. ಅಲ್ಲಿಗೆ ನಾನು ನಿಲ್ಲಿಸುತ್ತೇನೆ, ಮತ್ತೆ ಮತ್ತೆ ಓದಿಸಿದರೆ ತಟ್ಟೆಗೇ ಗೀರು ಬೀಳುವ ಅಪಾಯವಿದೆ.

ಪ್ರತಿ ಕೈಗೆ ಬಂದ ಮೇಲೆ ಮೂಲ ಡಿಸ್ಕನ್ನು ಕಳಚಿ ಎತ್ತಿಡಿ. ಪ್ರತಿಯನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿದರೆ (ಡಿಸ್ಕಿನಂತೆ ಸಿಸ್ಟಮ್ಮಿಗೆ ಜೋಡಿಸಿದರೆ) ಹೆಚ್ಚಿನ ಸಲ ಫೋಲ್ಡರುಗಳು ಹಾಗೆಯೇ ಕಾಣುತ್ತವೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬೇಕು, ಬಹುಮಟ್ಟಿಗೆ ಅದು ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಡಿಸ್ಕಿನ ಭಾಗಗಳನ್ನು ಹೇಳುವ ಪಾರ್ಟಿಷನ್ ಪಟ್ಟಿಯೇ ಹಾಳಾಗಿದ್ದರೆ ಅದನ್ನು ಮತ್ತೆ ಕಟ್ಟುವ ಟೆಸ್ಟ್‌ಡಿಸ್ಕ್ ತಂತ್ರಾಂಶ. ಅದೂ ಸೋತರೆ ಮಾತ್ರ ಫೋಟೋರೆಕ್. ಫೋಟೋರೆಕ್ ಫೈಲಿನ ಒಳಗಿನ ಗುರುತು ನೋಡಿ ಹುಡುಕುವುದರಿಂದ ಹೆಸರು, ಫೋಲ್ಡರ್ ಎರಡೂ ಹೋಗುತ್ತವೆ. ಅದಕ್ಕೇ ಕೊನೆಗೆ.

ನಕಲಾದ ಫೈಲೆಲ್ಲ ಸರಿಯಿದೆ ಎಂದುಕೊಳ್ಳಬಾರದು. ಡಿಡಿರೆಸ್ಕ್ಯೂನ ಫಿಲ್ ಮೋಡ್ ಬಳಸಿ ಪ್ರತಿಯಲ್ಲಿನ ಕೆಟ್ಟ ಸೆಕ್ಟರುಗಳಿಗೆ ಒಂದು ಗುರುತಿನ ಪದ ತುಂಬಿ, ಆ ಪದ ಯಾವ ಫೈಲುಗಳಲ್ಲಿದೆ ಎಂದು ಹುಡುಕಿದರೆ ಗಾಯಗೊಂಡವು ಸಿಗುತ್ತವೆ. ಜೆಪಿಜಿ ಚಿತ್ರವಾದರೆ ಕೆಳಭಾಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಡಾಕ್ ಫೈಲಿನಲ್ಲಿ ಪಠ್ಯ ಸಾಕಷ್ಟು ಉಳಿಯುತ್ತದೆ, ಡಾಕ್ಸ್ ಒಳಗೊಳಗೆ ಜಿಪ್ ಆದ್ದರಿಂದ ಸಣ್ಣ ಗಾಯಕ್ಕೂ ತೆರೆಯದೆ ಹೋಗಬಹುದು.

ಕನ್ನಡದ ಫೈಲುಗಳದ್ದು ಬೇರೆಯೇ ತೊಡಕು. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ದಾಖಲೆ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕೆಟ್ಟಿದೆ ಎಂದು ಅಳಿಸುವ ಮುನ್ನ ಆ ಫಾಂಟುಗಳನ್ನು ಹಾಕಿ ಮತ್ತೊಮ್ಮೆ ತೆರೆಯಿರಿ. ಹೆಸರು ಕಳೆದುಕೊಂಡ ಇಂಥ ಫೈಲುಗಳ ನಡುವೆ ಯೂನಿಕೋಡಿನಲ್ಲಿ ಪದ ಹುಡುಕಿದರೆ ಏನೂ ಸಿಗದು. ಆ ಪದವನ್ನು ಆಸ್ಕಿ ನುಡಿಯಲ್ಲೇ ಟೈಪಿಸಿ, ನಕಲಿಸಿ ತಂದು ಹುಡುಕಬೇಕು.